ಗಾಳಿಕೋವಿಯ ಬಲವೂ ಗುರಿಯೂ

ಉತ್ತರ ಅಮೆರಿಕದ ಕಾಡುಗಳಿಗೆ ಸಹಜವಾದ ಬೂದು ಅಳಿಲು, 1876ರಲ್ಲಿ ಇಂಗ್ಲೆಂಡಿನ ಚೆಷೈರ್ ಪ್ರಾಂತದ ಒಂದು ಉದ್ಯಾನವನ್ನು ಅಲಂಕಾರದ ಪ್ರಾಣಿಯಾಗಿ ಪ್ರವೇಶಿಸಿ, ಮುಂದೆ ಒಂದು ಶತಮಾನ ಸಲ್ಲುವಷ್ಟರಲ್ಲಿ ಆ ದೇಶದ ಬಹುಭಾಗವನ್ನು ಆಕ್ರಮಿಸಿಕೊಂಡಿತು. ಬೀಚ್, ಓಕ್, ಸಿಕಮೋರ್ ಮೊದಲಾದ ಎಳೆಯ ಮರಗಳ ತೊಗಟೆಯನ್ನು ಸುಲಿದು ಅವನ್ನು ಕುಂಠಿತಗೊಳಿಸುವುದು ಅದರ ಒಂದು ಉಪದ್ರವವಾದರೆ, ತನಗೆ ಬಾಧಕವಲ್ಲದ, ಆದರೆ ಅಲ್ಲಿಯ ಮೂಲನಿವಾಸಿಯಾದ ಕೆಂಪು ಅಳಿಲಿಗೆ ಮಾರಕವಾದ ಸಿಡುಬುಜಾತಿಯ ವೈರಸ್ಸೊಂದನ್ನು ಹೊತ್ತು ತಿರುಗುವುದು ಅದಕ್ಕಿಂತ ಘೋರವಾದ ಮತ್ತೊಂದು ಉಪದ್ರವ. ಈ ಅಳಿಲನ್ನೂ, ಪೈರನ್ನು ಮೇಯುವ ಮೊಲವನ್ನೂ, ಕಣಜವನ್ನು ಸೂರೆಗೊಳ್ಳುವ ಹೆಗ್ಗಣವನ್ನೂ ನಿಯಂತ್ರಿಸಲು ಬೋನುಗಳ ಜೊತೆಯಲ್ಲಿ ಬ್ರಿಟನ್ನಿನ ಕೃಷಿಕರೂ ಅರಣ್ಯಪಾಲಕರೂ ಬಹುಕಾಲದಿಂದ ಅವಲಂಬಿಸಿರುವ ಸಾಧನವೆಂದರೆ ಗಾಳಿಕೋವಿ. ಒಂದು ಜೀವವನ್ನು ತೆಗೆಯಲೇಬೇಕಾಗಿ ಬಂದಾಗ ಅದು ನರಳದಂತೆ ಕ್ಷಣಮಾತ್ರದಲ್ಲಿ ತೆಗೆಯುವುದು ಹೇಗೆಂಬ ಪ್ರಶ್ನೆಯೇ ಈ ಕೋವಿಯ ಆಯ್ಕೆಯಲ್ಲಿ ಮೊದಲಿನದಾಗಿರಬೇಕು. ಉಳಿದ ಪ್ರಶ್ನೆಗಳೆಲ್ಲ ಅದರ ಹಿಂದೆ ಬರತಕ್ಕವು.

ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ವಿದ್ಯೆ ಹೊಸದೇನೂ ಅಲ್ಲ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಜಿರಾರ್ಡೋನಿ ಎಂಬ ಕುಶಲಕರ್ಮಿ ರಚಿಸಿದ ಗಾಳಿಕೋವಿಯನ್ನು ಆಸ್ಟ್ರಿಯಾದ ಸೈನ್ಯ ಯುದ್ಧಕ್ಕೇ ಬಳಸಿತು. ಅಮೆರಿಕದ ಪಶ್ಚಿಮ ತೀರವನ್ನು ಅರಸಿ 1804ರಲ್ಲಿ ಹೊರಟ ಲೂಯಿಸ್ ಮತ್ತು ಕ್ಲಾರ್ಕರ ಅನ್ವೇಷಕ ತಂಡವೂ ಗಾಳಿಕೋವಿಯೊಂದನ್ನು ಜೊತೆಗೆ ಒಯ್ದಿತ್ತು. 1905ರ ಸುಮಾರಿಗೆ ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಕಾರ್ಖಾನೆಯಿಂದ ಸ್ಪ್ರಿಂಗ್ ಕೋವಿಗಳು ಹೊರಬರತೊಡಗಿದಂದಿನಿಂದ ಗಾಳಿಕೋವಿ ಸಾಮಾನ್ಯ ಗೃಹಸ್ಥನ ಕೈಗೂ ಎಟುಕಿತು.

ಇಂದಿನ ಗಾಳಿಕೋವಿಗಳಲ್ಲಿ ಮುಖ್ಯವಾದವು ಎರಡು ಬಗೆ. ಮೊದಲನೆಯದರಲ್ಲಿ ಬಿಗಿದು ಹಿಡಿದ ಸ್ಪ್ರಿಂಗೊಂದು ಕುದುರೆಯನ್ನು, ಎಂದರೆ ಟ್ರಿಗರನ್ನು, ಎಳೆದೊಡನೆ ಸಡಿಲಿ, ಪಿಸ್ಟನ್ನನ್ನು ಮುಂದಕ್ಕೆ ನೂಕಿ, ಅದರ ಮುಂದಿರುವ ಗಾಳಿಯನ್ನು ಒತ್ತಿ ಗುಂಡನ್ನು ದಬ್ಬುತ್ತದೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದುಂಟು. ಭಾರವಾದ ಪಿಸ್ಟನ್ನು ಮುನ್ನುಗ್ಗುವಾಗ ಕೋವಿ ಹಿಂದಕ್ಕೆ ಸರಿಯುತ್ತದೆ. ಒತ್ತಲ್ಪಟ್ಟ ಗಾಳಿಗೆ ತಾಕಿ ಪಿಸ್ಟನ್ನು ತಡೆದು ನಿಂತಾಗ ಕೋವಿ ಮುಂದಕ್ಕೆ ಕುಲುಕುತ್ತದೆ. ಈ ಅಲುಗಾಟ ಆರಂಭವಾಗುವ ಹೊತ್ತಿಗೆ ಗುಂಡು ಇನ್ನೂ ನಳಿಕೆಯೊಳಗೇ ಇರುತ್ತದೆ. ಆದುದರಿಂದ ಸ್ಪ್ರಿಂಗನ್ನು ಬಲಪಡಿಸಿದಷ್ಟೂ ಕುಲುಕಾಟ ಹೆಚ್ಚಿ ಗುರಿ ಚದರುವುದು ಸ್ವಾಭಾವಿಕ. ಅಂಥ ಕೋವಿಯನ್ನು ಬಿಗಿಯಾಗಿ ಹಿಡಿಯದೆ ಸಡಿಲವಾಗಿ, ಪ್ರತಿ ಈಡಿಗೂ ಒಂದೇ ರೀತಿಯಲ್ಲಿ ಹಿಡಿಯುವುದನ್ನು ಕಲಿಯಲು ದೀರ್ಘ ಅಭ್ಯಾಸ ಬೇಕಾಗುತ್ತದೆ. ಎರಡನೆಯ ಬಗೆಯ ಕೋವಿಯಲ್ಲಿ ಗಾಳಿಯನ್ನು ಮೊದಲೇ 200ರಿಂದ 300 ಬಾರ್ ಒತ್ತಡಕ್ಕೆ, ಅಂದರೆ ನಮ್ಮನ್ನು ಸುತ್ತುವರಿದ ವಾತಾವರಣದ ಒತ್ತಡದ ಇನ್ನೂರು ಮುನ್ನೂರು ಪಟ್ಟಿಗೆ, ಉಕ್ಕಿನ ಅಥವಾ ಅಲ್ಯೂಮಿನಿಯಮ್ಮಿನ ಕೊಳವೆಯಲ್ಲಿ ತುಂಬಿಟ್ಟಿರುತ್ತಾರೆ. ಕುದುರೆಯನ್ನೆಳೆದಾಗ ಕವಾಟವೊಂದು ಕ್ಷಣಕಾಲ ತೆರೆದು ಅದರಲ್ಲೊಂದಂಶವನ್ನು ಮಾತ್ರ ಹೊರಬಿಡುತ್ತದೆ. ಭಾರವಾದ ಭಾಗ ಯಾವುದೂ ಚಲಿಸದಿರುವುದರಿಂದ ಕೋವಿ ಹೆಚ್ಚುಕಡಮೆ ನಿಶ್ಚಲವಾಗಿರುತ್ತದೆ. ಅಧಿಕ ಶಕ್ತಿಯನ್ನೂ ನಿಖರವಾದ ಗುರಿಯನ್ನೂ ಒಟ್ಟಿಗೆ ಬಯಸುವವನಿಗೆ ಈ ಎರಡನೆಯದೇ ಯೋಗ್ಯವೆಂದು ನನ್ನ ನಿಶ್ಚಿತವಾದ ಅಭಿಪ್ರಾಯ; ಅದರ ಬೆಲೆಯೂ, ಗಾಳಿ ತುಂಬಲು ಬೇಕಾಗುವ ಪಂಪು ಅಥವಾ ಸಿಲಿಂಡರಿನ ವೆಚ್ಚವೂ ಹೆಚ್ಚೆಂಬುದು ನಿಜ.

ಇನ್ನು ಶಕ್ತಿಯ ಲೆಕ್ಕ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ನಳಿಕೆಯ ಬಾಯಿಯ ಬಳಿ ಗುಂಡಿನ ಶಕ್ತಿ 12 ಫುಟ್-ಪೌಂಡನ್ನು, ಎಂದರೆ ಒಂದು ಪೌಂಡು ತೂಕವನ್ನು 12 ಅಡಿ ಮೇಲಕ್ಕೆತ್ತಲು ತಗಲುವ ಸುಮಾರು 16 ಜೂಲ್ ಶಕ್ತಿಯನ್ನು, ಮೀರಿದ ಗಾಳಿಕೋವಿಗೆ ಬಂದೂಕಿಗೆ ಬೇಕಾಗುವಂಥ ಪ್ರಮಾಣಪತ್ರವೇ ಬೇಕು. ಈ ಮಿತಿಯೊಳಗೇ ನಿಂತು ನೋಡೋಣ. 4.5 ಮಿಲಿಮೀಟರು ವ್ಯಾಸದ, ಅರ್ಧ ಗ್ರಾಮಿಗಿಂತ ತುಸು ಹೆಚ್ಚು ತೂಗುವ ಗುಂಡಿಗೆ ಈ 16 ಜೂಲ್ ಶಕ್ತಿಯನ್ನಿತ್ತರೆ ಅದು ಸೆಕೆಂಡಿಗೆ ಸುಮಾರು 240 ಮೀಟರು ವೇಗದಿಂದ ಹೊರಡುತ್ತದೆ, 5.5 ಮಿಲಿಮೀಟರು ವ್ಯಾಸದ, ಒಂದು ಗ್ರಾಮಿನ ಗುಂಡಿಗೆ ಅದೇ ಶಕ್ತಿ ಸೆಕೆಂಡಿಗೆ ಸುಮಾರು 180 ಮೀಟರು ವೇಗವನ್ನಷ್ಟೇ ಕೊಡಬಲ್ಲುದು. ವೇಗದಲ್ಲಿಯ ಈ ವ್ಯತ್ಯಾಸ ಗುಂಡಿನ ಪಥದಲ್ಲಿ ಸ್ಪಷ್ಟವಾಗಿ ತೋರುತ್ತದೆ. ನಳಿಕೆಯನ್ನು ನೆಲಕ್ಕೆ ಸಮಾಂತರವಾಗಿ ಹಿಡಿದು ಹಾರಿಸಿದರೆ 30 ಮೀಟರು ದೂರದಲ್ಲಿ ಮೊದಲನೆಯದು ಸುಮಾರು 9 ಸೆಂಟಿಮೀಟರಿನಷ್ಟೂ, ಎರಡನೆಯದು ಸುಮಾರು 16 ಸೆಂಟಿಮೀಟರಿನಷ್ಟೂ ಕೆಳಗಿಳಿದಿರುತ್ತವೆ. ದೂರದ ಅಂದಾಜಿನಲ್ಲಿ ನಾಲ್ಕೈದು ಮೀಟರು ತಪ್ಪಿದರೂ ಚಿಕ್ಕ ಗುಂಡು ಗುರಿಯ ಸಮೀಪದಲ್ಲೇ ತಾಕುತ್ತದೆ, ದೊಡ್ಡದು ಹೆಚ್ಚು ದೂರ ಸರಿಯುತ್ತದೆ. ಆದರೆ ತಾಕಿದ ಮೇಲೆ ದೊಡ್ಡದು ಮಾಡುವ ಗಾಯ ಹೆಚ್ಚು ಅಗಲವಾದುದು. ಇದೇ ಕಾರಣದಿಂದ ಈ ಎರಡು ವ್ಯಾಸಗಳ ಪಕ್ಷಪಾತಿಗಳ ನಡುವೆ ಮುಗಿಯದ ವಾದವೊಂದು ನಡೆದು ಬಂದಿದೆ.

ಈ ವಾದದಲ್ಲಿ ಅನೇಕ ವೇಳೆ ಮರೆತುಹೋಗುವುದು ಪ್ರಾಣಿಯ ಶರೀರರಚನೆ. ಬಂದೂಕಿನ ಗುಂಡಿನಂತೆ ದೇಹವನ್ನೇ ನಡುಗಿಸಿ ಕೆಡಹುವ ಶಕ್ತಿ ಗಾಳಿಕೋವಿಗಿಲ್ಲ. ಅದು ಕೊಲ್ಲುವುದು ಮಿದುಳನ್ನು ತಾಕಿದಾಗ. ಮೊಲದಲ್ಲಾದರೋ ಕಣ್ಣಿಗೂ ಕಿವಿಗೂ ನಡುವಣ, ಸುಮಾರು 2.5 ಸೆಂಟಿಮೀಟರು ವ್ಯಾಸದ ಒಂದು ತಾವು. ಹೆಗ್ಗಣದಲ್ಲಿ ಅದಕ್ಕಿಂತಲೂ ಕಿರಿದು. ಆ ವೃತ್ತದೊಳಕ್ಕೆ ಬಿದ್ದ 10 ಜೂಲ್ ಶಕ್ತಿಯ ಗುಂಡು ಪ್ರಾಣಿಯನ್ನು ಇದ್ದಲ್ಲೇ ಮುಗಿಸುತ್ತದೆ. ಹೊಟ್ಟೆಗೆ ಬಿದ್ದ 40 ಜೂಲ್ ಶಕ್ತಿಯ ಗುಂಡು ಅದನ್ನು ಬಿಲದೊಳಗೆ ದಿನಗಟ್ಟಲೆ ನರಳಿಸುತ್ತದೆ. ಬೇಟೆಯ ದೂರವನ್ನು ನಿರ್ಣಯಿಸಬೇಕಾದುದು ಕೋವಿಯ ಜಾಹೀರಾತಲ್ಲ. ಕುಳಿತು, ನಿಂತು, ಮಂಡಿಯೂರಿ, ಗಾಳಿ ಬೀಸುವಾಗ, ಕೈ ಚಳಿಯಿಂದ ಮರಗಟ್ಟಿದಾಗ ತಾನು ಹಾರಿಸಿದ ಗುಂಡುಗಳೆಲ್ಲವನ್ನೂ ಆ ಪುಟ್ಟ ವೃತ್ತದೊಳಗೇ ಇಡಬಲ್ಲ ದೂರ ಯಾವುದೆಂದು ಕಾಗದದ ಗುರಿಯ ಮೇಲೆ ಪರೀಕ್ಷಿಸಿಕೊಂಡವನಿಗೆ ಅದೇ ಅವನ ಎಲ್ಲೆ. 16 ಜೂಲ್ ಕೋವಿಗಳಿಗೆ ಬ್ರಿಟನ್ನಿನ ಅನುಭವಿಗಳು ಸುಮಾರು 30 ಗಜವನ್ನು ಆ ಎಲ್ಲೆಯೆಂದು ಎಣಿಸುತ್ತಾರೆ.

ಹಾಗಾದರೆ ಅಧಿಕ ಶಕ್ತಿಯಿಂದ ಪ್ರಯೋಜನವೇ ಇಲ್ಲವೆ? ಉಂಟು. ಶಕ್ತಿಯನ್ನು 40 ಜೂಲ್‌ಗೆ ಏರಿಸಿದರೆ 5.5 ಮಿಲಿಮೀಟರಿನ, ಒಂದು ಗ್ರಾಮಿಗೆ ಮಿಕ್ಕ ತೂಕದ ಗುಂಡೂ ಸೆಕೆಂಡಿಗೆ ಸುಮಾರು 260 ಮೀಟರು ವೇಗದಿಂದ ಸಾಗಿ, ಚಿಕ್ಕ ಗುಂಡಿನ ನೇರವಾದ ಪಥವನ್ನೂ ದೊಡ್ಡ ಗುಂಡಿನ ಆಘಾತವನ್ನೂ ಒಟ್ಟಿಗೆ ಪಡೆಯುತ್ತದೆ. ಬಯಲಿನಲ್ಲಿ ಮೊಲವನ್ನು ತುಸು ದೂರದಿಂದ ಹೊಡೆಯಬೇಕಾದವನಿಗೆ ಇದು ನಿಜವಾದ ಸಹಾಯ. ಆದರೆ ಹೆಚ್ಚಿದ ಶಕ್ತಿಯನ್ನು ತೂಕಕ್ಕೆ ವಿನಿಯೋಗಿಸಬೇಕೇ ಹೊರತು ಕೇವಲ ವೇಗಕ್ಕಲ್ಲ. ಅಂಗಡಿಗಳಲ್ಲಿ ಕಾಣುವ ಸೆಕೆಂಡಿಗೆ 1200 ಅಡಿ, 1400 ಅಡಿ ಎಂಬ ಘೋಷಣೆಗಳು ಸಾಮಾನ್ಯವಾಗಿ ಅತಿ ಹಗುರವಾದ ಗುಂಡುಗಳಿಂದ ಅಳೆದವು. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರು. ಅದನ್ನು ಸಮೀಪಿಸುವ ಗುಂಡಿನ ಸುತ್ತಣ ವಾಯುಪ್ರವಾಹ ಕ್ಷೋಭೆಗೊಂಡು ಗುಂಡು ಓಲಾಡತೊಡಗುತ್ತದೆ, ಮೀರಿದರಂತೂ ಛಟೀರೆಂಬ ಸದ್ದು ಎದ್ದು ಮಿಕ್ಕ ಪ್ರಾಣಿಗಳೆಲ್ಲ ಚದರುತ್ತವೆ. ವೇಗವನ್ನು ಸೆಕೆಂಡಿಗೆ 280 ಮೀಟರಿನೊಳಗೆ ಇರಿಸುವುದೇ ಕ್ಷೇಮ. ಮತ್ತೊಂದು ವಿಷಯ: ಹೆಗ್ಗಣಗಳಿರುವುದು ಕೊಟ್ಟಿಗೆಯಲ್ಲಿ, ಕಣಜದಲ್ಲಿ. ತಗಡಿನ ಮಾಡು, ನೀರಿನ ಕೊಳವೆ, ದನಕರುಗಳು ಇರುವ ಆ ಸ್ಥಳದಲ್ಲಿ ಅಧಿಕ ಶಕ್ತಿ ವರವಲ್ಲ, ಶಾಪ. ಅಲ್ಲಿ 16 ಜೂಲ್ ಸಾಕು, ಕೆಲವೆಡೆ ಅದೂ ಹೆಚ್ಚು.

ಗುಂಡಿನ ಆಕಾರವೂ ವಿಚಾರಕ್ಕೆ ಯೋಗ್ಯವಾದುದು. ಪೆಲೆಟ್ ಎಂಬ ಸಾಮಾನ್ಯ ಗುಂಡಿನ ತಲೆ ದುಂಡಗಿದ್ದು, ನಡು ಸಣ್ಣಗಾಗಿ, ಹಿಂಭಾಗ ಟೊಳ್ಳಾಗಿ ಅಂಚು ತೆಳ್ಳಗಿರುತ್ತದೆ, ನೋಡಲು ಡಮರುವಿನಂತೆ. ಹಿಂದಿನಿಂದ ನುಗ್ಗಿದ ಗಾಳಿ ಈ ತೆಳ್ಳನೆಯ ಅಂಚನ್ನು ಅರಳಿಸಿ ನಳಿಕೆಯೊಳಗಿನ ಸುರುಳಿಗೀರುಗಳಿಗೆ ಒತ್ತುವುದರಿಂದ ಗಾಳಿ ಸೋರುವುದಿಲ್ಲ, ಗುಂಡು ತಿರುಗುತ್ತ ಹೊರಡುತ್ತದೆ. ಅಗಲವಾದ ಹಿಂಭಾಗ ಗಾಳಿಯನ್ನು ತಡೆದು ಗುಂಡಿನ ಮುಖ ನೆಟ್ಟಗಿರುವಂತೆ ಕಾಯುತ್ತದೆ. ಈ ತಡೆಯ ಫಲವಾಗಿಯೇ ಅದು 30 ಮೀಟರು ಸಾಗುವಷ್ಟರಲ್ಲಿ ತನ್ನ ಶಕ್ತಿಯ ಸುಮಾರು ಕಾಲುಭಾಗವನ್ನು ಕಳೆದುಕೊಳ್ಳುತ್ತದೆ. ಗುರಿ ತಪ್ಪಿದಾಗ ಈ ನಷ್ಟವೇ ರಕ್ಷಣೆಯೂ ಆಗುತ್ತದೆ. ಈಚೆಗೆ ಬಂದಿರುವ ಸ್ಲಗ್ಗುಗಳು ನಡು ಸಣ್ಣಗಿಲ್ಲದ, ಬಂದೂಕಿನ ಗುಂಡಿನಾಕಾರದವು. ಗಾಳಿಯನ್ನು ಸೀಳಿ ನೂರಾರು ಮೀಟರು ಅಪಾಯಕರವಾಗಿ ಸಾಗಬಲ್ಲವು, ತಕ್ಕ ಸುರುಳಿಯ ನಳಿಕೆಯನ್ನೂ ಬಯಸುತ್ತವೆ. ಹಿಂದೆ ಮಣ್ಣಿನ ದಿಬ್ಬವಿಲ್ಲದೆಡೆ ಅವನ್ನು ಹಾರಿಸಕೂಡದು. ಮರದ ತುದಿಯ ಅಳಿಲಿಗಂತೂ ಸರ್ವಥಾ ಸಲ್ಲದು.

ಮೊನಚು ತಲೆಯ, ಚಪ್ಪಟೆ ತಲೆಯ, ತಲೆಯಲ್ಲಿ ಗುಳಿಯುಳ್ಳ ನಾನಾ ಪೆಲೆಟ್ಟುಗಳಿದ್ದರೂ ಗೋಳತಲೆಯದೇ ಬಹುತೇಕ ಕೋವಿಗಳಲ್ಲಿ ಅತ್ಯಂತ ನಿಖರ. ಸೀಸ ಮೃದುವೂ ಭಾರವೂ ಆದುದರಿಂದ ಈ ಕೆಲಸಕ್ಕೆ ಹೇಳಿ ಮಾಡಿಸಿದ ಲೋಹ, ವಿಷವೂ ಹೌದು. ಗುಂಡುಗಳನ್ನು ಮುಟ್ಟಿದ ಕೈಯನ್ನು ತೊಳೆಯದೆ ಉಣ್ಣಬಾರದು, ಹೊಡೆದ ಪ್ರಾಣಿಯನ್ನು ಹದ್ದು ನಾಯಿಗಳ ಬಾಯಿಗೆ ಬಿಡಬಾರದು. ತವರದ ಗುಂಡು ಈ ದೋಷವಿಲ್ಲದ್ದಾದರೂ ಅದೇ ಗಾತ್ರದ ಸೀಸದ ಗುಂಡಿನ ಮೂರನೆಯ ಎರಡು ಭಾಗದಷ್ಟೇ ತೂಗುತ್ತದೆ. ಯಾವ ಗುಂಡು ತನ್ನ ಕೋವಿಗೆ ಒಗ್ಗುತ್ತದೆಂಬುದನ್ನು ಕೊಂಡವನು ತಾನೇ ಹಾರಿಸಿ ನೋಡಿ ತಿಳಿಯಬೇಕು. ಒಂದೇ ಕಾರ್ಖಾನೆಯ ಎರಡು ಕೋವಿಗಳು ಕೂಡ ಬೇರೆ ಬೇರೆ ಗುಂಡನ್ನು ಮೆಚ್ಚುವುದುಂಟು.

ನಮ್ಮ ದೇಶದ ಸ್ಥಿತಿ ಬೇರೆಯದು. 2016ರ ಶಸ್ತ್ರಾಸ್ತ್ರ ನಿಯಮಗಳಂತೆ 20 ಜೂಲ್ ಶಕ್ತಿಯನ್ನಾಗಲಿ 4.5 ಮಿಲಿಮೀಟರು ವ್ಯಾಸವನ್ನಾಗಲಿ ಮೀರಿದ ಗಾಳಿಕೋವಿಗೆ ಪರವಾನಗಿ ಅವಶ್ಯ. ಪರವಾನಗಿ ಬೇಡದ ಕೋವಿಯನ್ನು ಹಿಡಿದವನಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅನ್ವಯಿಸುತ್ತದೆ. ಮಲೆನಾಡಿನ ತೋಟಗಳಲ್ಲಿ ಮಂಗ, ನವಿಲು, ಕೆಂದಳಿಲುಗಳಿಂದಾಗುವ ನಷ್ಟ ಅಲ್ಪವಲ್ಲವೆಂಬುದನ್ನು ಬಲ್ಲೆನಾದರೂ, ಅವು ಬ್ರಿಟನ್ನಿನ ಬೂದು ಅಳಿಲಿನಂತೆ ಹೊರಗಿನಿಂದ ಬಂದವಲ್ಲ, ಕಾನೂನಿನ ರಕ್ಷಣೆಯುಳ್ಳ ಇಲ್ಲಿಯ ಜೀವಿಗಳು. ಅವನ್ನು ಬೆದರಿಸಲೆಂದು ಹಾರಿಸಿದ ಗುಂಡು ಕೂಡ ಮಾಂಸದಲ್ಲಿ ನಾಟಿ ಕೀವುಗಟ್ಟಿ ಸಾವಿಗೆ ಕಾರಣವಾಗಬಹುದು. ಅರುಣಾಚಲ ಪ್ರದೇಶದಲ್ಲಿ ಹಕ್ಕಿಗಳೂ ಸಣ್ಣ ಪ್ರಾಣಿಗಳೂ ಅಳಿಯುತ್ತಿರುವುದನ್ನು ಕಂಡು ಸರ್ಕಾರವು 2021ರಲ್ಲಿ ಆರಂಭಿಸಿದ ಅಭಿಯಾನಕ್ಕೆ ಓಗೊಟ್ಟು ಗ್ರಾಮಸ್ಥರು ತಮ್ಮ ಏರ್‌ಗನ್ನುಗಳನ್ನು ತಾವಾಗಿಯೇ ತಂದೊಪ್ಪಿಸಿದರು. ಬೆಳೆಗೆ ಕಾಡುಪ್ರಾಣಿಯ ಕಾಟವುಳ್ಳ ನಮ್ಮ ರೈತರು ಕೋವಿಯಂಗಡಿಗೆ ಹೋಗುವ ಮುನ್ನ ಸಮೀಪದ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋಗಿ ಬೆಳೆಹಾನಿಯ ಪರಿಹಾರಕ್ಕೆ ಅರ್ಜಿ ಸಲ್ಲಿಸಬೇಕೆಂದು ಕೇಳಿಕೊಳ್ಳುತ್ತೇನೆ.