ಬೇಸಗೆಗೆ ಮನೆಯ ಪರದೆ

ಹತ್ತಿ ಬೆಳೆಯುವ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ವೈಶಾಖದ ಬಿಸಿಲಿಗೆ ಕಿಟಕಿಯ ಪರದೆಯು ಕೊಡೆಯಷ್ಟೇ ಅವಶ್ಯವಾದುದು. ಹೋದ ವರ್ಷ ನಾವು ಕೋರಾ ಬಟ್ಟೆಯನ್ನು ನೆನೆಸದೆಯೇ ಕತ್ತರಿಸಿ ಹೊಲಿದೆವು. ಮೊದಲ ಒಗೆತಕ್ಕೇ ಅದು 3 ಅಂಗುಲ ಕುಗ್ಗಿತು; ಕೆಳಗಿನ ಸಂದಿನಿಂದ ಇಳಿಹೊತ್ತಿನ ಬಿಸಿಲು ಮಲಗಿದ್ದ ಮೊಮ್ಮಗುವಿನ ಮುಖಕ್ಕೆ ಬಿದ್ದಿತು.

ಆದುದರಿಂದ ಬಟ್ಟೆಯನ್ನು ಮೊದಲು ಒಂದು ರಾತ್ರಿ ನೆನೆಸಿ ಒಣಗಿಸತಕ್ಕದ್ದು. ಅಳತೆಯನ್ನು ಪರದೆ ತೂಗುವ ಸರಳಿನಿಂದ ಕಿಟಕಿಯ ಕೆಳಗೆ ಒಂದು ಗೇಣಿನವರೆಗೆ ಹಿಡಿಯಬೇಕು. ಸರಳು 4 ಅಡಿಯಿದ್ದರೆ 36 ಅಂಗುಲ ಪನ್ನದ 2 ತುಂಡುಗಳು ನೆರಿಗೆಗೆ ಸಾಕು. ಉದ್ದ 54 ಅಂಗುಲವಾದರೆ ಮೇಲೂ ಕೆಳಗೂ ಮಡಿಕೆಗೆ ತಲಾ 4 ಸೇರಿ 62; ಎರಡಕ್ಕೆ 124. ಕುಗ್ಗುವುದನ್ನೂ ಎಣಿಸಿ ಮೂರೂವರೆ ಮೀಟರು ಕೊಳ್ಳುವುದು ಕ್ಷೇಮ.

ಅಷ್ಟೂ ವೆಚ್ಚ ಬೇಡವೆಂಬ ಗೃಹಿಣಿಯರಿಗೆ ಪೆಟ್ಟಿಗೆಯ ಹಳೆಯ ನೂಲಿನ ಸೀರೆಯಿದೆ. ಅದು ಕುಗ್ಗುವಷ್ಟನ್ನು ಎಂದೋ ಕುಗ್ಗಿದೆ. ಅದರ ಅಂಚೇ ಅಲಂಕಾರ.