ಕಿಡ್ನಿ ಕೂಗಿ ಹೇಳೋದಿಲ್ಲ

ರಾಜಾಜಿನಗರದ ಒಂದು ಕಲಿಕಾ ಕೇಂದ್ರ. ಸಂಜೆ ಏಳು ಗಂಟೆಗೆ ಪಾಠ ಶುರು. ಬರುವವರೆಲ್ಲ ದುಡಿಯುವ ಹೆಂಗಸರು. ಕೆಲವರು ಗಾರ್ಮೆಂಟ್ಸ್‌ನಲ್ಲಿ ಬಟ್ಟೆ ಹೊಲಿಯುತ್ತಾರೆ. ಕೆಲವರು ಊದುಬತ್ತಿ ಹೊಸೆಯುತ್ತಾರೆ. ಕೆಲವರು ನಾಲ್ಕು ಮನೆ ಕೆಲಸ ಮುಗಿಸಿ ಬರುತ್ತಾರೆ.

ಆ ದಿನ ಎಚ್‌ಐವಿ ಬಗ್ಗೆ ಪಾಠ ಇತ್ತು. ಪಾಠ ಮುಗಿಯಿತು. ಹಿಂದೆ ಕೂತಿದ್ದ ಒಬ್ಬರು ಕೈ ಎತ್ತಿದರು. ಅವರು ಯಲ್ಲಾಪುರದ ಕಡೆಯವರು. ಸಿದ್ದಿ ಜನಾಂಗದವರು. ಗಾರ್ಮೆಂಟ್ಸ್ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದವರು.

"ಮೇಡಂ, ಕಪ್ಪಗಿರೋರಿಗೆ ಎಚ್‌ಐವಿ ಬಂದ್ರೆ ಕಿಡ್ನಿ ಹೋಗ್ತದೆ ಅಂತಾರೆ. ಹೌದಾ? ನಮ್ಮ ಹಿರೀಕರು ಆಫ್ರಿಕಾದಿಂದ ಬಂದೋರಂತೆ. ನಮಗೂ ಹಂಗೇ ಆಗ್ತದಾ?"

ಒಂದಿಬ್ಬರು ಮುಸಿಮುಸಿ ನಕ್ಕರು. ಅದು ನಗುವ ಮಾತಲ್ಲ. ಒಳ್ಳೆಯ ಪ್ರಶ್ನೆ. ಅದರಲ್ಲಿ ಅರ್ಧ ನಿಜ ಇದೆ, ಅರ್ಧ ತಪ್ಪು ಇದೆ. ಯಾವುದು ನಿಜ, ಯಾವುದು ತಪ್ಪು ಅಂತ ನೋಡೋಣ.

ಮೊದಲು ಕಿಡ್ನಿ ಅಂದರೆ ಏನು? ಕನ್ನಡದಲ್ಲಿ ಮೂತ್ರಪಿಂಡ ಅಂತಾರೆ. ನಮ್ಮ ಬೆನ್ನಿನ ಎರಡೂ ಕಡೆ, ಪಕ್ಕೆಲುಬಿನ ಕೆಳಗೆ, ಒಂದೊಂದು ಇದೆ. ಮುಷ್ಟಿಯಷ್ಟು ದೊಡ್ಡದು. ನಾವು ಕಾಫಿ, ಟೀ ಸೋಸುತ್ತೇವಲ್ಲ, ಹಾಗೆ ಕಿಡ್ನಿ ರಕ್ತವನ್ನು ಸೋಸುತ್ತದೆ. ಕೊಳೆಯನ್ನು ಉಚ್ಚೆಯಲ್ಲಿ ಹೊರಗೆ ಹಾಕುತ್ತದೆ. ಒಳ್ಳೆಯದನ್ನು ಮೈಗೆ ವಾಪಸ್ ಕೊಡುತ್ತದೆ. ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತದೆ. ಅಂದರೆ ಹನ್ನೆರಡು ಕೊಡ ನೀರು! ಅದರಲ್ಲಿ ಉಚ್ಚೆಯಾಗಿ ಹೋಗುವುದು ಒಂದೂವರೆ ಲೀಟರ್ ಮಾತ್ರ.

ಇಷ್ಟು ಕೆಲಸ ಮಾಡುವ ಕಿಡ್ನಿ ನೋವಾದರೆ ಕೂಗುವುದಿಲ್ಲ. ಹಲ್ಲು ಹಾಳಾದರೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಕಿಡ್ನಿ ಅರ್ಧ ಹಾಳಾದರೂ ಎಷ್ಟೋ ಸಲ ನಮಗೆ ಗೊತ್ತೇ ಆಗುವುದಿಲ್ಲ. ಮುಖ ಊದಿಕೊಂಡು, ಕಾಲು ಬಾತುಕೊಂಡು, ಊಟ ಸೇರದೆ ಆಸ್ಪತ್ರೆಗೆ ಹೋಗುವಷ್ಟರಲ್ಲಿ ತುಂಬ ತಡ ಆಗಿರುತ್ತದೆ.

ಈಗ ಆ ಅಕ್ಕನ ಪ್ರಶ್ನೆಗೆ ಬರೋಣ.

1984ರಲ್ಲಿ ಅಮೆರಿಕದ ನ್ಯೂಯಾರ್ಕ್ ಮತ್ತು ಮಯಾಮಿ ನಗರದ ಡಾಕ್ಟರುಗಳು ಒಂದು ವಿಷಯ ಬರೆದರು. ಏಡ್ಸ್ ಆದ ಕೆಲವರಿಗೆ ಕಿಡ್ನಿ ಬಹಳ ಬೇಗ ಹಾಳಾಗುತ್ತಿತ್ತು. ಕೆಲವೇ ತಿಂಗಳಲ್ಲಿ ಪೂರ್ತಿ ನಿಂತುಹೋಗುತ್ತಿತ್ತು. ಎಚ್‌ಐವಿ ವೈರಸ್ಸು ಕಿಡ್ನಿಯ ಒಳಗೇ ಹೊಕ್ಕು ಸೋಸುವ ಜಾಲರಿಯನ್ನು ಕೆಡಿಸುತ್ತಿತ್ತು. ಹೀಗೆ ಆದವರಲ್ಲಿ ಹೆಚ್ಚಿನವರು ಕಪ್ಪು ಜನ. ಅದೇ ಸೋಂಕು ಇದ್ದ ಬಿಳಿಯರಲ್ಲಿ ಇದು ಬಹಳ ಅಪರೂಪ.

ಯಾಕೆ ಹೀಗೆ? ಬಡತನವೇ ಕಾರಣ ಅಂತ ಕೆಲವರು ಹೇಳಿದರು. ಮೈಬಣ್ಣ ಅಂತ ಕೆಲವರು ಹೇಳಿದರು. ಸರಿಯಾದ ಉತ್ತರ ಸಿಕ್ಕಿದ್ದು 2010ರಲ್ಲಿ.

ಮಕ್ಕಳಿಗೆ ಮೂಗು, ಕಣ್ಣು ಅಪ್ಪ ಅಮ್ಮನಿಂದ ಬರುತ್ತದೆ ಅಲ್ಲವೇ? ಹಾಗೆ ಕಣ್ಣಿಗೆ ಕಾಣದ ಗುಣಗಳೂ ಬರುತ್ತವೆ. ಅವನ್ನು ಹೊತ್ತು ತರುವುದಕ್ಕೆ ಜೀನ್ ಅಂತಾರೆ. ಎಪಿಓಎಲ್-1 ಅಂತ ಒಂದು ಜೀನ್ ಇದೆ. ಹೆಸರು ಬಾಯಿಗೆ ತಿರುಗದಿದ್ದರೆ ಬಿಡಿ. ಅದರ ಕತೆ ಕೇಳಿ.

ಆಫ್ರಿಕಾದಲ್ಲಿ ಒಂದು ಜಾತಿಯ ನೊಣ ಇದೆ. ಅದು ಕಚ್ಚಿದರೆ ನಿದ್ರೆ ಕಾಯಿಲೆ ಬರುತ್ತದೆ. ಜನ ಮಂಕಾಗಿ, ಮಲಗಿದಲ್ಲೇ ಸಾಯುತ್ತಿದ್ದರು. ಸಾವಿರಾರು ವರ್ಷದ ಹಿಂದೆ ಅಲ್ಲಿನ ಕೆಲವರಲ್ಲಿ ಈ ಜೀನ್ ಸ್ವಲ್ಪ ಬದಲಾಯಿತು. ಬದಲಾದ ಜೀನ್ ಇದ್ದವರು ನಿದ್ರೆ ಕಾಯಿಲೆಯಿಂದ ಉಳಿದುಕೊಂಡರು. ಅವರ ಮಕ್ಕಳು, ಮೊಮ್ಮಕ್ಕಳಿಗೂ ಆ ಗುಣ ಬಂತು.

ಆದರೆ ಅದರಲ್ಲಿ ಒಂದು ತೊಡಕು. ಆ ಗುಣ ಅಪ್ಪನಿಂದಲೂ ಬಂದು, ಅಮ್ಮನಿಂದಲೂ ಬಂದರೆ ಕಿಡ್ನಿಗೆ ಅಪಾಯ ಹೆಚ್ಚು. ಒಬ್ಬರಿಂದ ಮಾತ್ರ ಬಂದಿದ್ದರೆ ಅಷ್ಟು ಭಯ ಇಲ್ಲ. ಎರಡೂ ಕಡೆಯಿಂದ ಬಂದವರಿಗೆ ಎಚ್‌ಐವಿಯೂ ತಗುಲಿದರೆ? ಆಗ ಈ ಕಿಡ್ನಿ ಕಾಯಿಲೆಯ ಅಪಾಯ ಸುಮಾರು 29 ಪಟ್ಟು ಹೆಚ್ಚು. ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾದ ಅಧ್ಯಯನದ ಲೆಕ್ಕ ಇದು. ಎಚ್‌ಐವಿ ಮಾತ್ರೆ ತೆಗೆದುಕೊಳ್ಳದಿದ್ದರೆ ಅಂಥ ಇಬ್ಬರಲ್ಲಿ ಒಬ್ಬರಿಗೆ ಕಿಡ್ನಿ ಕೆಡಬಹುದು ಅಂತ ಅದೇ ಅಧ್ಯಯನದ ಅಂದಾಜು.

ಹಾಗಾದರೆ ಇದು ಮೈಬಣ್ಣದ ಮಾತಾ? ಅಲ್ಲ. ಇಥಿಯೋಪಿಯಾ ಕೂಡ ಆಫ್ರಿಕಾದ ದೇಶವೇ. ಆ ದೇಶದ ಮೂಲದ ಎಚ್‌ಐವಿ ಸೋಂಕಿತರನ್ನು ಪರೀಕ್ಷೆ ಮಾಡಿದರು. ಬದಲಾದ ಜೀನ್ ಅವರಲ್ಲಿ ಇರಲಿಲ್ಲ. ಈ ಕಿಡ್ನಿ ಕಾಯಿಲೆಯೂ ಇರಲಿಲ್ಲ. ಆ ಜೀನ್ ಹೆಚ್ಚಾಗಿ ಇರುವುದು ಆಫ್ರಿಕಾದ ಪಶ್ಚಿಮದ ಕಡೆ. ಬಣ್ಣ ನೋಡಿ ಕಾಯಿಲೆ ಹೇಳುವವರ ಮಾತು ನಂಬಬೇಡಿ.

ಸಿದ್ದಿ ಜನರ ವಿಷಯ? ಪೋರ್ಚುಗೀಸರು ಆಫ್ರಿಕಾದ ಜನರನ್ನು ಗುಲಾಮರಾಗಿ ಗೋವಾಕ್ಕೆ ತಂದರು. ಅವರಲ್ಲಿ ಎಷ್ಟೋ ಮಂದಿ ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡಿಗೆ ಬಂದರು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಕಡೆ ನೆಲೆ ನಿಂತರು. ಅವರು ಕನ್ನಡ, ಕೊಂಕಣಿ ಆಡುತ್ತಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. 2003ರಲ್ಲಿ ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಹೈದರಾಬಾದಿನ ವಿಜ್ಞಾನಿಗಳು ಸಿದ್ದಿಗಳ ರಕ್ತ ಪರೀಕ್ಷೆ ಮಾಡಿ, ಅವರ ಹಿರಿಯರು ಆಫ್ರಿಕಾದವರೇ ಅಂತ 2011ರಲ್ಲಿ ತೋರಿಸಿದರು. ಆದರೆ ಇನ್ನೂರು, ಮುನ್ನೂರು ವರ್ಷದಲ್ಲಿ ಇಲ್ಲಿನವರ ಜೊತೆಗೂ ರಕ್ತ ಸಂಬಂಧ ಬೆಳೆದಿದೆ. ಆದ್ದರಿಂದ ಸಿದ್ದಿ ಅಂದ ಕೂಡಲೇ ಕಿಡ್ನಿ ಹೋಗುತ್ತದೆ ಅಂತ ಹೇಳುವುದು ತಪ್ಪು. ಎಚ್‌ಐವಿ ಇರುವ ಸಿದ್ದಿ ಅಕ್ಕ ಒಂದು ಮಾತು ಮಾತ್ರ ಮಾಡಬೇಕು. "ನಮ್ಮ ಹಿರಿಯರು ಆಫ್ರಿಕಾದವರು" ಅಂತ ಡಾಕ್ಟರಿಗೆ ಹೇಳಬೇಕು. ನಾಚಿಕೆ ಬೇಡ. ಡಾಕ್ಟರು ಉಚ್ಚೆ ಪರೀಕ್ಷೆಯನ್ನು ಇನ್ನೂ ಗಮನ ಇಟ್ಟು ನೋಡುತ್ತಾರೆ.

ಒಳ್ಳೆಯ ಸುದ್ದಿಯೂ ಇದೆ. ಎಚ್‌ಐವಿ ಮಾತ್ರೆಯನ್ನು ಬೇಗ ಶುರು ಮಾಡಿ, ದಿನಾ ತಪ್ಪದೆ ನುಂಗಿದರೆ ವೈರಸ್ಸು ಅಡಗುತ್ತದೆ. ವೈರಸ್ಸಿನಿಂದ ಆಗುವ ಈ ಕಿಡ್ನಿ ಕಾಯಿಲೆಯೂ ಬಹಳ ಮಟ್ಟಿಗೆ ತಪ್ಪುತ್ತದೆ. ಮಾತ್ರೆ ಬಂದ ಮೇಲೆ ಅಮೆರಿಕದಲ್ಲೇ ಈ ಕಾಯಿಲೆ ಕಡಿಮೆ ಆಯಿತು.

"ಹಂಗಾದ್ರೆ ನಮಗೇನೂ ಭಯ ಇಲ್ಲ ಬಿಡಿ ಮೇಡಂ. ನಮ್ಮ ಹಿರೀಕರು ಆಫ್ರಿಕಾದೋರಲ್ಲ" ಅಂತ ಇನ್ನೊಬ್ಬರು ಅಂದರು.

ಹಾಗೂ ಅಲ್ಲ. ಆ ಜೀನ್ ಇಲ್ಲದವರಿಗೂ ಕಿಡ್ನಿ ಹಾಳಾಗಲು ದಾರಿ ಬೇಕಾದಷ್ಟಿವೆ. ಸಕ್ಕರೆ ಕಾಯಿಲೆ, ಬಿಪಿ ಮೊದಲನೆಯವು. ಎಚ್‌ಐವಿ ಮಾತ್ರೆ ತೆಗೆದುಕೊಳ್ಳುವವರು ಇನ್ನೂ ಒಂದು ವಿಷಯ ತಿಳಿದಿರಬೇಕು.

ಆ ದಿನ ಪಾಠ ಕೇಳಿದವರಲ್ಲಿ ಒಬ್ಬ ಅಕ್ಕ ಇದ್ದರು. ಹೆಸರು ಇಲ್ಲಿ ಬೇಡ. ಎಲ್ಲರೂ ಹೋದ ಮೇಲೆ ಅವರು ಮೇಡಂ ಹತ್ತಿರ ಬಂದರು. ಸೆರಗಿನೊಳಗಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಅದರಲ್ಲಿ ಆಸ್ಪತ್ರೆಯ ಚೀಟಿಗಳಿದ್ದವು.

"ಇಂಗ್ಲಿಷ್ ನನಗೆ ಬರಲ್ಲ ಮೇಡಂ. ಆದ್ರೆ ನಂಬರ್ ಓದೋಕೆ ಬರತ್ತೆ. ಇಲ್ನೋಡಿ. ಹೋದ ವರ್ಷ 0.7 ಇತ್ತು. ಆಮೇಲೆ 0.8. ಈಗ 1.6 ಅಂತ ಐತೆ. ಇದು ಜಾಸ್ತಿ ಆದಂಗೆ ಅಲ್ವಾ?"

ಹೌದು, ಜಾಸ್ತಿ ಆಗಿತ್ತು. ಅದು ಕ್ರಿಯಾಟಿನಿನ್ ಲೆಕ್ಕ. ಕ್ರಿಯಾಟಿನಿನ್ ಅಂದರೆ ರಕ್ತದಲ್ಲಿರುವ ಒಂದು ಕೊಳೆ. ಕಿಡ್ನಿ ಚೆನ್ನಾಗಿ ಸೋಸಿದರೆ ಅದು ಕಡಿಮೆ ಇರುತ್ತದೆ. ಹೆಂಗಸರಲ್ಲಿ ಸಾಮಾನ್ಯವಾಗಿ 1ರ ಆಸುಪಾಸಿಗೆ, ಇಲ್ಲವೇ ಅದಕ್ಕಿಂತ ಕೆಳಗೆ ಇರುತ್ತದೆ. ಸೋಸುವುದು ಕಡಿಮೆ ಆದರೆ ಲೆಕ್ಕ ಮೇಲೇರುತ್ತದೆ.

"ಬೇರೆ ಏನಾದರೂ ಮಾತ್ರೆ ನುಂಗ್ತೀರಾ?" ಮೇಡಂ ಕೇಳಿದರು.

"ಸೊಂಟನೋವು ಮೇಡಂ. ದಿನಕ್ಕೆ ಎಂಟು ಗಂಟೆ ಮಿಷನ್ ಮುಂದೆ ಕೂರಬೇಕಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ನೋವಿನ ಮಾತ್ರೆ ತಗೋತೀನಿ. ಎರಡು ತಿಂಗಳಿಂದ ದಿನಾ ಒಂದು, ಕೆಲವು ದಿನ ಎರಡು."

"ನೀರು?"

"ಎಲ್ಲಿ ಮೇಡಂ! ನೀರು ಕುಡಿದ್ರೆ ಬಾತ್‌ರೂಮಿಗೆ ಹೋಗಬೇಕು. ಎದ್ದು ಹೋದ್ರೆ ಪೀಸ್ ಕಡಿಮೆ ಆಗತ್ತೆ. ಬೈತಾರೆ."

ಗಾರ್ಮೆಂಟ್ಸ್‌ಗೆ ಹೋಗುವವರಿಗೆ ಇದು ಹೊಸ ಕತೆ ಅಲ್ಲ. ನೀರು ಕುಡಿಯದೆ ದುಡಿಯುವುದನ್ನು ನಾವೆಲ್ಲ ಜಾಣತನ ಅಂದುಕೊಂಡಿದ್ದೇವೆ.

ಎಚ್‌ಐವಿಗೆ ಈಗ ದಿನಕ್ಕೆ ಒಂದೇ ಮಾತ್ರೆ. ಅದರಲ್ಲಿ ಮೂರು ಔಷಧಿ ಸೇರಿದೆ. ಒಂದರ ಹೆಸರು ಟೆನೊಫೊವಿರ್. ಒಳ್ಳೆಯ ಔಷಧಿ. ಲಕ್ಷಾಂತರ ಜನರ ಜೀವ ಉಳಿಸಿದೆ. ಆದರೆ ಕೆಲವರಿಗೆ, ಎಲ್ಲರಿಗೂ ಅಲ್ಲ, ಅದರಿಂದ ಕಿಡ್ನಿಗೆ ತೊಂದರೆ ಆಗಬಹುದು. ಅದರ ಜೊತೆಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ದಿನಾ ಸೇರಿದರೆ ಕಿಡ್ನಿಗೆ ಎರಡು ಕಡೆಯಿಂದ ಪೆಟ್ಟು. ನೀರೂ ಇಲ್ಲದಿದ್ದರೆ ಮೂರನೇ ಪೆಟ್ಟು. ಅಂಗಡಿಯವರು ಕೇಳಿದ್ದನ್ನು ಕೊಡುತ್ತಾರೆ. ನಿಮಗೆ ಬೇರೆ ಏನು ಮಾತ್ರೆ ನಡೀತಿದೆ ಅಂತ ಕೇಳುವುದಿಲ್ಲ. ಯಾರೋ ಕೊಟ್ಟ ಭಸ್ಮ, ಪುಡಿಯೂ ಹಾಗೆಯೇ. ಏನಿದೆ ಅಂತ ಗೊತ್ತಿಲ್ಲದ್ದನ್ನು ನುಂಗಬಾರದು.

ಆ ಅಕ್ಕನಿಗೆ ಒಂದು ಯೋಚನೆ ಬಂತು. "ಹಂಗಾದ್ರೆ ಎಚ್‌ಐವಿ ಮಾತ್ರೆ ನಿಲ್ಲಿಸಿಬಿಡ್ಲಾ?"

ಬೇಡವೇ ಬೇಡ! ನಾವಾಗಿ ನಿಲ್ಲಿಸಿದರೆ ವೈರಸ್ಸು ಮತ್ತೆ ಹೆಡೆ ಎತ್ತುತ್ತದೆ. ಆಗ ಕಿಡ್ನಿಯೂ ಹೋಗಬಹುದು, ಜೀವವೂ ಹೋಗಬಹುದು. ಚೀಟಿ ತೆಗೆದುಕೊಂಡು ಎಆರ್‌ಟಿ ಕೇಂದ್ರಕ್ಕೆ ಹೋಗಬೇಕು. ಅವರು ಮಾರನೆಯ ದಿನವೇ ಹೋದರು. ಡಾಕ್ಟರು ನೋವಿನ ಮಾತ್ರೆ ನಿಲ್ಲಿಸಿದರು. ಟೆನೊಫೊವಿರ್ ಬದಲು ಬೇರೆ ಔಷಧಿ ಕೊಟ್ಟರು. ಸೊಂಟಕ್ಕೆ ಬಿಸಿನೀರಿನ ಶಾಖ, ಬೆನ್ನಿಗೆ ವ್ಯಾಯಾಮ ಹೇಳಿದರು. ಮೂರು ತಿಂಗಳ ಮೇಲೆ ಲೆಕ್ಕ 1.0ಕ್ಕೆ ಇಳಿಯಿತು.

ಎಲ್ಲ ಏರಿಕೆಯೂ ಕಿಡ್ನಿ ಕೆಟ್ಟ ಗುರುತಲ್ಲ. ಅದೇ ಮಾತ್ರೆಯಲ್ಲಿರುವ ಡೊಲುಟೆಗ್ರಾವಿರ್ ಅನ್ನುವ ಔಷಧಿಯಿಂದ ಕಿಡ್ನಿ ಚೆನ್ನಾಗಿದ್ದರೂ ಲೆಕ್ಕ ಸ್ವಲ್ಪ ಏರುತ್ತದೆ. ಯಾವುದು ಯಾವುದು ಅಂತ ಡಾಕ್ಟರು ನೋಡಿ ಹೇಳಬೇಕು. ಆರು ತಿಂಗಳಿಗೊಮ್ಮೆ ರಕ್ತದ ಕ್ರಿಯಾಟಿನಿನ್ ನೋಡಿಸಿ. ಉಚ್ಚೆಯಲ್ಲಿ ಪ್ರೋಟೀನ್ ಹೋಗುತ್ತಿದೆಯಾ ಅಂತಲೂ ನೋಡಿಸಿ. ಉಚ್ಚೆಯಲ್ಲಿ ನೊರೆ ಬಂದು ಹಾಗೇ ನಿಂತರೆ ಕಾಯಬೇಡಿ.

ಸರ್ಕಾರ ಎಚ್‌ಐವಿ ಮಾತ್ರೆಯನ್ನು 2004ರಿಂದ ಉಚಿತವಾಗಿ ಕೊಡುತ್ತಿದೆ. 2017ರಿಂದ, ಸೋಂಕು ಗೊತ್ತಾದ ಎಲ್ಲರಿಗೂ ಮಾತ್ರೆ ಶುರು ಮಾಡುತ್ತಾರೆ. ಬೆಂಗಳೂರಿನಲ್ಲಿ ಬೌರಿಂಗ್, ವಿಕ್ಟೋರಿಯಾ ಆಸ್ಪತ್ರೆಗಳಲ್ಲಿ ಎಆರ್‌ಟಿ ಕೇಂದ್ರ ಇದೆ. ವಿಕ್ಟೋರಿಯಾ ಆವರಣದಲ್ಲೇ ಕಿಡ್ನಿಗೆ ಅಂತ ಸರ್ಕಾರದ ನೆಫ್ರೋ ಯುರಾಲಜಿ ಸಂಸ್ಥೆ ಇದೆ. ಇಎಸ್‌ಐ ಕಾರ್ಡ್ ಇದ್ದವರಿಗೆ ರಾಜಾಜಿನಗರದಲ್ಲೇ ಇಎಸ್‌ಐ ಆಸ್ಪತ್ರೆ ಇದೆ. ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ 1097ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಾಗಿಲ್ಲ.

"ಫ್ಯಾಕ್ಟರೀಲಿ ಗೊತ್ತಾದ್ರೆ?" ಇದು ಎಲ್ಲರ ಭಯ. ಅದಕ್ಕೇ 2017ರಲ್ಲಿ ಒಂದು ಕಾನೂನು ಮಾಡಿದ್ದಾರೆ. 2018ರ ಸೆಪ್ಟೆಂಬರ್‌ನಲ್ಲಿ ಅದು ಜಾರಿಗೆ ಬಂತು. ಎಚ್‌ಐವಿ ಇದೆ ಅಂತ ಕೆಲಸದಿಂದ ತೆಗೆಯುವ ಹಾಗಿಲ್ಲ. ಆಸ್ಪತ್ರೆಯವರು ಚಿಕಿತ್ಸೆ ಇಲ್ಲ ಅನ್ನುವ ಹಾಗಿಲ್ಲ. ನಿಮ್ಮ ಒಪ್ಪಿಗೆ ಇಲ್ಲದೆ ಬೇರೆಯವರಿಗೆ ವಿಷಯ ಹೇಳುವ ಹಾಗೂ ಇಲ್ಲ.

ಆ ಅಕ್ಕ ಈಗ ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಎರಡು ಗೆರೆ ಎಳೆದಿದ್ದಾರೆ. ಒಂದು ಕಡೆ ತಾರೀಕು. ಇನ್ನೊಂದು ಕಡೆ ಕ್ರಿಯಾಟಿನಿನ್ ಲೆಕ್ಕ. ಬರೆಯುವುದು ಅವರೇ. ಯಲ್ಲಾಪುರದ ಅಕ್ಕ ಅದನ್ನು ನೋಡಿ ತನ್ನ ಪುಸ್ತಕದಲ್ಲೂ ಗೆರೆ ಹಾಕಿಕೊಂಡರು. ಅವರಿಗೆ ಇರುವುದು ಬಿಪಿ. ಅದರ ನಂಬರ್ ಬರೆಯುತ್ತಾರೆ.