ಎರಡು ಕಾರುಗಳೂ ಐವರು ಪ್ರಯಾಣಿಕರೂ

ಸಣ್ಣ ಕಾರುಗಳಲ್ಲಿ ಯಾವುದು ಬೇಗ ವೇಗ ಕೂಡಿಸಿಕೊಳ್ಳುತ್ತದೆಂದು ನಮ್ಮ ವಿದ್ಯಾರ್ಥಿಗಳು ಆಗಾಗ ವಾದಿಸುವುದುಂಟು. 2018ರ ಮಾರುತಿ ಸ್ವಿಫ್ಟನ್ನೂ 2020ರ ಟಾಟಾ ಟಿಯಾಗೊವನ್ನೂ ತೆಗೆದುಕೊಳ್ಳೋಣ. ಎರಡೂ ಪೆಟ್ರೋಲಿನವು, ಗರಿಷ್ಠ ತಿರುಚುಬಲ ಎರಡರಲ್ಲಿಯೂ 113 ನ್ಯೂಟನ್-ಮೀಟರು. ಅಶ್ವಶಕ್ತಿಯಲ್ಲಿ ಟಿಯಾಗೊ ತುಸು ಮುಂದು, 83ಕ್ಕೆ 86. ಆದರೆ ಸುಮಾರು 870 ಕಿಲೋಗ್ರಾಂ ತೂಗುವ ಸ್ವಿಫ್ಟ್ ಅದಕ್ಕಿಂತ ನೂರು ಕಿಲೋಗ್ರಾಮಿನಷ್ಟು ಹಗುರ. ಬಲ ಸಮನಾಗಿದ್ದರೆ ವೇಗೋತ್ಕರ್ಷವು ದ್ರವ್ಯರಾಶಿಗೆ ವಿಲೋಮವೆಂಬುದು ನ್ಯೂಟನ್ನನ ಎರಡನೆಯ ನಿಯಮ. ಗಿಯರು, ಗಾಳಿಯ ತಡೆಗಳನ್ನು ಬದಿಗಿಟ್ಟರೆ ಗೆಲುವು ಸ್ವಿಫ್ಟಿನದು.

ಇನ್ನು, ಯಳಂದೂರಿನ ಕುಟುಂಬವೊಂದು ಅದೇ ಸ್ವಿಫ್ಟಿನಲ್ಲಿ ಕೊಳ್ಳೇಗಾಲ, ಹನೂರುಗಳ ಮಾರ್ಗವಾಗಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೊರಟಿದೆಯೆನ್ನೋಣ. ಚಾಲಕನೊಡನೆ ನಾಲ್ವರು; ತಲೆಗೆ 60 ಕಿಲೋಗ್ರಾಂ. ಚಾಲಕನೊಬ್ಬನೇ ಇದ್ದಾಗ 930 ಇದ್ದುದು ಈಗ 1170. ಒಬ್ಬನೇ ಕುಳಿತ ಟಿಯಾಗೊವಿಗಿಂತ ಭಾರ! (ಬುತ್ತಿಯ ಗಂಟನ್ನು ನಾವು ಲೆಕ್ಕಕ್ಕೆ ಹಿಡಿದಿಲ್ಲ.) ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರು. ಅದನ್ನು ಹಿಂದಿಕ್ಕಲು ಗಂಟೆಗೆ 40 ಕಿಲೋಮೀಟರಿನಿಂದ 80ಕ್ಕೆ ಏರಬೇಕು. ಚಾಲಕನೊಬ್ಬನಿಗೆ 5 ಸೆಕೆಂಡು ಸಾಕಾಗುತ್ತಿದ್ದರೆ, ಈಗ 6¼ ಬೇಕು. ಆ ಒಂದೂಕಾಲು ಸೆಕೆಂಡಿನಿಂದಾಗಿ ಕಾರು ರಸ್ತೆಯ ಬಲಮಗ್ಗುಲಲ್ಲಿ ಇನ್ನೂ ಇಪ್ಪತ್ತು ಮೀಟರು ಓಡುವುದು; 60ರ ವೇಗದಲ್ಲಿ ಎದುರಾಗುವ ಬಸ್ಸೂ ಅಷ್ಟೇ ಸಮೀಪಿಸುವುದು.